ಸೋಲ್‌ನಲ್ಲಿ ಕಿಟಕಿ ಪಕ್ಕ ಕೂತು ಕೊರಿಯನ್ ಬಾರ್ಬೆಕ್ಯೂ: ದುಡ್ಡು ಕೊಡ್ತಿರೋದು ಮಾಂಸಕ್ಕಾ, ನೋಟಕ್ಕಾ?

ಪ್ರಶ್ನೆ: ಸಾರ್, ನಾನು ಮೈಸೂರಿನವನು, ಬೆಂಗಳೂರಲ್ಲಿ ಒಂದು ಕೊರಿಯನ್ ಕಂಪನೀಲಿ ಕೆಲಸ. ಅಕ್ಟೋಬರ್‌ನಲ್ಲಿ ಮೊದಲ ಸಲ ಸೋಲ್‌ಗೆ ಹೋಗ್ತಿದೀನಿ. ಅಲ್ಲಿನ ಡೈರೆಕ್ಟರ್ ಒಂದು ದಿನ ರಾತ್ರಿ ಊಟಕ್ಕೆ ದೊಡ್ಡ ಬಾರ್ಬೆಕ್ಯೂ ಹೋಟ್ಲಿಗೆ ಕರ್ಕೊಂಡು ಹೋಗ್ತೀನಿ, ಮೇಲಿಂದ ಇಡೀ ಊರು ಕಾಣತ್ತೆ ಅಂದಿದಾರೆ. ನಾನು ಕೋಳಿ, ಕುರಿ ತಿಂತೀನಿ, ಹಂದಿ ಮಾಂಸ ಕೊಡಗಿನ ಫ್ರೆಂಡ್ ಮನೇಲಿ ತಿಂದು ಅಭ್ಯಾಸ ಇದೆ, ಆದ್ರೆ ದನದ್ದು ತಿನ್ನಲ್ಲ. ಇದನ್ನ ಹೇಗೆ ಹೇಳೋದು? ಅಲ್ಲಿ ಹೇಗೆ ನಡ್ಕೋಬೇಕು? ವೀಕೆಂಡ್‌ಗೆ ಹೆಂಡ್ತಿ ಬರ್ತಾಳೆ, ಅವಳು ವೆಜ್, ಮೊಟ್ಟೆ ಓಕೆ, ಸೀರಿಯಲ್‌ನಲ್ಲಿ ತೋರ್ಸೋ ಹಾಗೆ ಕಿಟಕಿ ಪಕ್ಕ ಕೂತು ಊಟ ಮಾಡ್ಬೇಕಂತೆ. ಎಷ್ಟಾಗತ್ತೆ, ಅಷ್ಟು ದುಡ್ಡು ಕೊಡೋದು ವರ್ತಾ? ಬಟ್ಟೆ ಏನು ಹಾಕ್ಕೊಂಡು ಹೋಗ್ಬೇಕು?

ಉತ್ತರ: ಮೊದಲು ನನ್ನ ಕಥೆ ಎರಡು ಸಾಲು. ನಾನು ಸೋಲ್‌ನಲ್ಲಿ ಹೋಟೆಲ್ ಲೈನ್‌ನಲ್ಲಿ ಒಂಬತ್ತು ವರ್ಷ ಇದ್ದೆ, ಅದರಲ್ಲಿ ನಾಲ್ಕು ವರ್ಷ ಗ್ರಿಲ್ ರೆಸ್ಟೋರೆಂಟ್ ಫ್ಲೋರ್‌ನಲ್ಲೇ ನಿಂತಿದ್ದು, ಇಕ್ಕಳ ಕತ್ತರಿ ಹಿಡ್ಕೊಂಡು ಬೇರೆಯವರಿಗೆ ಮಾಂಸ ಸುಟ್ಟು ಕೊಟ್ಟಿದ್ದು. ಹಾಗಾಗಿ ಟೇಬಲ್‌ನ ಆ ಕಡೆಯಿಂದ ಕಂಡಿದ್ದನ್ನ ಹೇಳ್ತೀನಿ, ನಿಮ್ಮ ಪ್ರಶ್ನೆ ಆರ್ಡರ್‌ನಲ್ಲೇ ಬರಲ್ಲ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ಇಂಥ ಕಡೆ ಬಿಲ್ ಬಂದಾಗ ನೀವು ಮೂರು ವಸ್ತುಗೆ ದುಡ್ಡು ಕೊಡ್ತಿರ್ತೀರ, ಮಾಂಸ, ಅದನ್ನ ನಿಮ್ಮೆದುರು ಸುಡೋ ಕೈ, ಆಮೇಲೆ ಕಿಟಕಿ. ಈ ಮೂರೂ ಒಂದೇ ಜಾಗದಲ್ಲಿ ಚೆನ್ನಾಗಿರೋದು ತುಂಬಾ ಅಪರೂಪ, ಅದಕ್ಕೆ ಕಾರಣ ಓನರ್‌ಗಳ ಆಸೆಬುರುಕತನ ಅಲ್ಲ, ಕಾರಣ ಹೊಗೆ. ಒಳ್ಳೆ ಗಾಲ್ಬಿ (ಅಂದ್ರೆ ಪಕ್ಕೆಲುಬಿನ ಮಾಂಸ) ಸುಡೋದು ಕೆಂಡದ ಮೇಲೆ, ಓಕ್ ಜಾತಿ ಮರದ ಇದ್ದಲು, ಅದಕ್ಕೆ ಚಾಮ್ಸುಟ್ ಅಂತಾರೆ, ಧಗಧಗ ಉರಿಯಲ್ಲ, ಹೊಗೆ ಕಮ್ಮಿ, ಕಾವು ಜಾಸ್ತಿ. ಆ ಕೆಂಡ ತುಂಬಿದ ಬಾಂಡಲಿನ ಒಬ್ಬ ಹುಡುಗ ಕೊಕ್ಕೆಗೆ ಸಿಗಿಸಿಕೊಂಡು ಟೇಬಲ್ ಟೇಬಲ್‌ಗೆ ತಂದು ಇಳಿಸ್ತಾನೆ. ಈಗ ನೀವೇ ಯೋಚ್ನೆ ಮಾಡಿ, ನಲವತ್ತನೇ ಮಹಡೀಲಿ, ಬೀಗ ಹಾಕಿದಂಗಿರೋ ಗಾಜಿನ ಬಿಲ್ಡಿಂಗ್‌ನಲ್ಲಿ, ಮೂವತ್ತು ಟೇಬಲ್‌ಗೆ ಕೆಂಡ ಸಪ್ಲೈ ಮಾಡೋದು, ಅಷ್ಟೂ ಹೊಗೆ ಎಳ್ದು ಆಚೆ ಹಾಕೋದು, ಫೈರ್ ಇನ್ಸ್‌ಪೆಕ್ಷನ್ ಪಾಸ್ ಮಾಡ್ಸೋದು ಎಂಥ ತಲೆನೋವು ಅಂತ. ಅದಕ್ಕೇ ಎತ್ತರದ ಬಿಲ್ಡಿಂಗ್‌ನಲ್ಲಿರೋ ಬಹಳಷ್ಟು ಕಡೆ ಗ್ಯಾಸ್ ಅಥವಾ ಕರೆಂಟ್ ಗ್ರಿಲ್ ಇರತ್ತೆ, ಇಲ್ಲಾಂದ್ರೆ ಒಳಗೆ ಅಡುಗೆಮನೇಲಿ ಸುಟ್ಟು ಪ್ಲೇಟಲ್ಲಿ ತಂದಿಡ್ತಾರೆ. ರುಚಿ ಕೆಟ್ಟದೇನಲ್ಲ, ಆದ್ರೆ ಕೆಂಡಕ್ಕೆ ಕೊಬ್ಬು ತೊಟ್ಟಿಕ್ಕಿ ಏಳೋ ಆ ಘಮ ಇರಲ್ಲ, ಬಾರ್ಬೆಕ್ಯೂ ಅನ್ನೋದರ ಅರ್ಧ ಜೀವ ಅಲ್ಲೇ ಇರೋದು.

ಟೇಬಲ್ ಮೇಲೆ ಆನೆ ಸೊಂಡ್ಲಿನ ಥರ ಕೊಳವೆ ಇಳಿಬಿಟ್ಟಿರೋ ಫೋಟೋ ನೋಡಿರ್ತೀರಲ್ಲ, ಅದು ಸಾಧಾರಣ ಅಂಗಡಿಗಳ ವ್ಯವಸ್ಥೆ, ಎಳ್ಕೊಂಡು ಮಾಂಸದ ಹತ್ರಕ್ಕೆ ತರಬಹುದು. ಪಾಶ್ ಕಡೆ ಅದು ಕಾಣಲ್ಲ, ಯಾಕಂದ್ರೆ ಹೊಗೆನ ಗ್ರಿಲ್ ಸುತ್ತಲೇ ಇರೋ ಸಂದಿಯಿಂದ ಕೆಳಕ್ಕೆ ಎಳೆದು ನೆಲದಡಿ ಪೈಪಲ್ಲಿ ಸಾಗಿಸ್ತಾರೆ. ಈ ಹೊಗೆ ಇಲ್ಲದ ರೋಸ್ಟರ್‌ನ 1980ರಲ್ಲಿ ಜಪಾನಿನ ನಗೋಯಾದ ಶಿನ್ಪೋ ಅನ್ನೋ ಕಂಪನಿ ಮಾಡಿದ್ದು, ಅಲ್ಲಿ ಕೊರಿಯನ್ ಮೂಲದವರಿಂದ ಬೆಳೆದ ಯಾಕಿನಿಕು (ಟೇಬಲ್ ಮೇಲೇ ಮಾಂಸ ಸುಟ್ಟು ತಿನ್ನೋ ಜಪಾನಿ ಬಾರ್ಬೆಕ್ಯೂ) ಅಂಗಡಿಗಳಿಗೆ ಅಂತ. ಕಣ್ಣೆದುರು ಪೈಪ್ ಇಲ್ಲ ಅಂದ್ಮೇಲೆ ಕಿಟಕಿ ಆಚೆ ನೋಟ ಮಾರಬಹುದು. ಟೋಕಿಯೋದಲ್ಲಿ ಒಪೆರಾ ಸಿಟಿ ಟವರ್‌ನ 53ನೇ ಮಹಡೀಲಿ ಜೋಜೋಯೆನ್ ಅಂತ ಒಂದು ಯಾಕಿನಿಕು ಚೈನ್‌ನ ಬ್ರಾಂಚ್ ಇದೆ, ಶಿಂಜುಕು ಪೂರ್ತಿ ಕಾಲಡಿ ಕಾಣತ್ತೆ.

ಸೋಲ್‌ಗೆ ಒಂದು ಅದೃಷ್ಟ ಇದೆ, ಆ ಊರು ಗುಡ್ಡಗಳ ಮಧ್ಯೆ ಕೂತಿದೆ. ನೋಟಕ್ಕೆ ಬಿಲ್ಡಿಂಗೇ ಹತ್ತಬೇಕು ಅಂತಿಲ್ಲ, ಗುಡ್ಡ ಹತ್ತಿದ್ರೂ ಆಯ್ತು, ಗುಡ್ಡದ ಮೇಲೆ ನೆಲಕ್ಕಂಟಿಕೊಂಡಿರೋ ಕಟ್ಟಡದಲ್ಲಿ ಕೆಂಡ ಇಡೋದಕ್ಕೆ ಅಷ್ಟು ತೊಂದ್ರೆ ಇಲ್ಲ. ಇದಕ್ಕೆ ನಾನು ಯಾವಾಗ್ಲೂ ಕೊಡೋ ಉದಾಹರಣೆ ಮ್ಯೊಂಗ್‌ವೊಲ್‌ಗ್ವಾನ್, ವಾಕರ್‌ಹಿಲ್ ಹೋಟೆಲ್ ಕಾಂಪೌಂಡ್‌ನಲ್ಲಿದೆ, ಸೋಲ್‌ನ ಪೂರ್ವಕ್ಕೆ ಅಚಾಸಾನ್ ಗುಡ್ಡದ ಇಳಿಜಾರಲ್ಲಿ. ಹಳೇ ಕಾಲದ ಹಂಚಿನ ಮನೆ ಶೈಲಿ ಕಟ್ಟಡ, ಕೆಂಡದ ಗಾಲ್ಬಿ, ಕೆಳಗೆ ಹಾನ್ ನದಿ, ಆಚೆ ದಡದ ಅಪಾರ್ಟ್‌ಮೆಂಟ್ ದೀಪಗಳು. ವಾಕರ್‌ಹಿಲ್ ಶುರುವಾಗಿದ್ದು 1963ರಲ್ಲಿ, ಕೊರಿಯಾ ಯುದ್ಧದಲ್ಲಿ ಸತ್ತ ಅಮೆರಿಕನ್ ಜನರಲ್ ವಾಲ್ಟನ್ ವಾಕರ್ ಹೆಸರಿಟ್ಟಿದಾರೆ. ಮೆಟ್ರೋ ಲೈನ್ 5ರ ಗ್ವಾಂಗ್ನಾರು ಸ್ಟೇಷನ್ ಹತ್ರ. ನಿಮ್ಮ ಡೈರೆಕ್ಟರ್ ಹೇಳಿರೋದು ಅದೇನಾ ಬೇರೆಯಾ ಗೊತ್ತಿಲ್ಲ, ಬೇರೆ ಆದ್ರೂ ಮಾತು ಅದೇ, ಹೆಸರು ಗೊತ್ತಾದ ತಕ್ಷಣ ಅಲ್ಲಿ ಕೆಂಡನಾ ಗ್ಯಾಸಾ ಅಂತ ಕೇಳಿ, ಕೇಳಿದ್ರೆ ಕೊರಿಯನ್ನರಿಗೆ ಖುಷಿಯಾಗತ್ತೆ, ಈಯಪ್ಪನಿಗೆ ವಿಷ್ಯ ಗೊತ್ತು ಅಂತ.

ಇನ್ನೊಂದು ತಮಾಷೆ, ಒಂದು ತಲೆಮಾರಿನ ಹಿಂದೆ ಅಲ್ಲಿ ಶ್ರೀಮಂತ ಬಾರ್ಬೆಕ್ಯೂ ಅಂದ್ರೆ ನೋಟ ಅಲ್ಲ, ತೋಟ. ಈಗ ಸೋಲ್‌ನ ಶ್ರೀಮಂತರ ಏರಿಯಾ ಆಗಿರೋ ಗಂಗ್ನಮ್ 1970ರ ದಶಕದವರೆಗೂ ಗದ್ದೆ, ಪೇರ್ ಹಣ್ಣಿನ ತೋಟ ಇದ್ದ ಜಾಗ, ಸರ್ಕಾರ ಅಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಸ್ತಿದ್ದ ಹಾಗೆ ದೊಡ್ಡ ದೊಡ್ಡ ಜಾಗದಲ್ಲಿ ಕೃತಕ ಜಲಪಾತ, ಕಾರ್ ಪಾರ್ಕಿಂಗ್, ಮರಗಿಡ ಇಟ್ಟು ಗಾಲ್ಬಿ ಹೋಟೆಲ್‌ಗಳು ಬಂದ್ವು, 1976ರಲ್ಲಿ ಶುರುವಾದ ಸಾಮ್ವೊನ್ ಗಾರ್ಡನ್ ಅದರಲ್ಲಿ ಹೆಸರುವಾಸಿ, ಈಗಲೂ ಇದೆ. ಎಷ್ಟರ ಮಟ್ಟಿಗೆ ಅಂದ್ರೆ ಹೆದ್ದಾರಿ ಬದಿ ಊರುಗಳಲ್ಲಿ ಒಂದು ಗಿಡನೂ ಇಲ್ಲದ ಗಾಲ್ಬಿ ಅಂಗಡಿ ಬೋರ್ಡ್ ಮೇಲೂ ಗಾರ್ಡನ್ ಅಂತ ಬರ್ದಿರತ್ತೆ, ನಮ್ಮಲ್ಲಿ ಎರಡು ಟೇಬಲ್ ಹಾಕಿ ಪ್ಯಾಲೇಸ್ ಅಂತ ಹೆಸರಿಡ್ತಾರಲ್ಲ ಹಾಗೆ.

ಈಗ ನಿಮ್ಮ ಮುಖ್ಯ ಪ್ರಶ್ನೆ, ದನದ ಮಾಂಸ. ಪಾಶ್ ಬಾರ್ಬೆಕ್ಯೂ ಅಂದ್ರೆ ಅಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬೀಫೇ, ಅದರಲ್ಲೂ ಹಾನ್ವು ಅಂತ ಅವರ ನಾಟಿ ತಳಿ. ಒಮ್ಮೊಮ್ಮೆ ಮೆನುವಲ್ಲಿ ಹಂದಿ ಇರೋದೇ ಇಲ್ಲ. ಅಲ್ಲಿಗೆ ಹೋಗಿ ಕೂತ್ಮೇಲೆ ನಾನು ತಿನ್ನಲ್ಲ ಅಂದ್ರೆ ಕರ್ಕೊಂಡು ಬಂದವರಿಗೆ ಮುಖಭಂಗ, ಪಾಪ ಅವರು ನಿಮಗೋಸ್ಕರ ವಾರದ ಮುಂಚೆ ಬುಕ್ ಮಾಡಿರ್ತಾರೆ. ಅದಕ್ಕೆ ಇವತ್ತೇ, ಈ ಉತ್ತರ ಓದಿ ಮುಗಿಸಿದ ಮೇಲೆ, ಒಂದು ಮೆಸೇಜ್ ಹಾಕಿ: ನಾನು ಬೀಫ್ ತಿನ್ನಲ್ಲ, ಪೋರ್ಕ್ ಚಿಕನ್ ಮೀನು ತಿಂತೀನಿ ಅಂತ, ಅಷ್ಟೇ. ಉದ್ದುದ್ದ ಕಾರಣ ಬೇಡ, ಹಿಂದೂ ಅಂದ್ರೆ ಅಲ್ಲಿ ಬಹುತೇಕರಿಗೆ ಅರ್ಥ ಆಗತ್ತೆ. ಡೈರೆಕ್ಟರ್ ಬೇಜಾರಾಗಲ್ಲ, ಜಾಗ ಬದಲಾಯಿಸ್ತಾರೆ ಅಥವಾ ಹೋಟೆಲ್‌ಗೆ ಮೊದಲೇ ಹೇಳಿಡ್ತಾರೆ. ಅಂದ ಹಾಗೆ ಮಾತಿಗೆ ಮಾತು ಬಂದ್ರೆ ಹೇಳೋಕೆ ಒಂದು ವಿಷ್ಯ ಇಟ್ಕೊಳ್ಳಿ, ಅವರ ಜೋಸನ್ ಅರಸರ ಕಾಲದಲ್ಲಿ ದನ ಕಡಿಯೋದಕ್ಕೆ ಮತ್ತೆ ಮತ್ತೆ ನಿಷೇಧ ಹಾಕಿದ್ರು, ಕಾರಣ ಧರ್ಮ ಅಲ್ಲ, ನೇಗಿಲು ಎಳೆಯೋಕೆ ಎತ್ತು ಬೇಕಲ್ಲ ಅದಕ್ಕೆ. ದೊಡ್ಡ ಮನೆತನದವರು ಕದ್ದುಮುಚ್ಚಿ ತಿಂತಾನೇ ಇದ್ರು ಬಿಡಿ. ಈ ಮಾತು ಎತ್ತಿದ್ರೆ ಟೇಬಲ್ ಮೇಲೆ ಹದಿನೈದು ನಿಮಿಷ ಸಲೀಸಾಗಿ ಸಾಗತ್ತೆ.

ಬೀಫ್ ಪೀಸ್ ತಿನ್ನದಿದ್ರೆ ಸಾಕಾಗಲ್ಲ, ಬಚ್ಚಿಟ್ಟುಕೊಂಡಿರೋ ಬೀಫ್ ಬೇರೆ ಇದೆ. ಯುಕ್ಸು ಅನ್ನೋ ಪದ ನೆನಪಿಟ್ಕೊಳ್ಳಿ, ಮಾಂಸ ಬೇಯಿಸಿದ ತಿಳಿ ಸಾರು. ಊಟದ ಕೊನೇಲಿ ತಣ್ಣಗಿನ ಶ್ಯಾವಿಗೆ ಥರ ನೆಂಗ್ಮ್ಯೊನ್ ಬರತ್ತೆ, ಮಂಜುಗಡ್ಡೆ ತೇಲೋ ತಿಳಿನೀರಲ್ಲಿ, ನೋಡೋಕೆ ನಿರಪರಾಧಿ, ಆ ತಿಳಿನೀರು ಸಾಮಾನ್ಯವಾಗಿ ದನದ ಯುಕ್ಸು. ನಾನು ಅಲ್ಲಿಗೆ ಹೋದ ಹೊಸದ್ರಲ್ಲಿ ನಮ್ಮೂರ ಕಡೆಯ ಒಬ್ಬರು ಹಿರಿಯರನ್ನ ಊಟಕ್ಕೆ ಕರ್ಕೊಂಡು ಹೋಗಿದ್ದೆ, ಬರೀ ನೂಡಲ್ಸ್ ಯಜಮಾನ್ರೇ ಧೈರ್ಯವಾಗಿ ತಗೊಳ್ಳಿ ಅಂತ ಹೇಳಿಬಿಟ್ಟೆ, ಅವರು ಬಟ್ಲು ಎತ್ತಿ ಬಾಯಿಗಿಡೋ ಹೊತ್ತಿಗೆ ಸರ್ವ್ ಮಾಡೋ ಅಕ್ಕ ಬಂದು ಇದು ದನದ ಸಾರು ಅಂತ ಹೇಳಿದ್ರು, ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸ್ತು. ತಪ್ಪು ನಂದೇ, ಕೇಳಬೇಕಿತ್ತು. ಜಪ್‌ಚೆ ಅನ್ನೋ ಗಾಜಿನಂಥ ನೂಡಲ್ಸ್‌ನಲ್ಲಿ ಸಣ್ಣಗೆ ಹೆಚ್ಚಿದ ಬೀಫ್ ಇರಬಹುದು, ಹುರಿದ ಮೆಣಸಿನ ಪೇಸ್ಟ್‌ನಲ್ಲಿ ಬೀಫ್ ಖೀಮಾ ಇರತ್ತೆ, ದ್ವೆಂಜಾಂಗ್ ಅಂದ್ರೆ ಹುದುಗಿಸಿದ ಸೋಯಾ ಸಾರು, ಬಾರ್ಬೆಕ್ಯೂ ಅಂಗಡೀಲಿ ಅದಕ್ಕೂ ಮಾಂಸದ ಚೂರು ಹಾಕ್ತಾರೆ. ಹೇಳೋದು ಸುಲಭ: ಸೋಗೋಗಿ ಆನ್ ಮೊಗೊಯೊ, ದನದ ಮಾಂಸ ತಿನ್ನಲ್ಲ. ಜಾಲರಿನೂ ಬದಲಾಯಿಸಿ ಅಂತ ಕೇಳಿ, ಪುಲ್ಪಾನ್ ಕಾರಾ ಜುಸೆಯೊ ಅಂದ್ರೆ ಮುಖ ಸಿಂಡರಿಸದೆ ಹೊಸ ಜಾಲರಿ ಹಾಕ್ತಾರೆ, ಕರಕಲಾದಾಗೆಲ್ಲ ಬದಲಾಯಿಸೋದು ಅಲ್ಲಿ ಮಾಮೂಲಿ ಕೆಲಸ.

ಹಂದಿ ಮಾಂಸಕ್ಕೆ ಒಪ್ಪಿದ್ರೆ ನೀವು ಬಚಾವ್, ನನ್ನ ಕೇಳಿದ್ರೆ ಲಾಭದಲ್ಲೇ ಇರ್ತೀರ. ಸಮ್‌ಗ್ಯೊಪ್ಸಲ್ ಅಂದ್ರೆ ಹಂದಿಯ ಹೊಟ್ಟೆ ಭಾಗ, ಸಮ್ ಮೂರು, ಗ್ಯೊಪ್ ಪದರ, ಸಲ್ ಮಾಂಸ, ಕೊಬ್ಬು ಮಾಂಸ ಪದರ ಪದರವಾಗಿ. ಕೊಡಗಿನ ಪಂದಿಕರಿ ರುಚಿ ಮನಸಲ್ಲಿಟ್ಟುಕೊಂಡು ಹೋಗ್ಬೇಡಿ, ಅಲ್ಲಿ ಕಾಚಂಪುಳಿ ಇಲ್ಲ, ಹುರಿದ ಮಸಾಲೆ ಇಲ್ಲ, ಕರೀಮೆಣಸಿನ ಘಾಟೂ ಇಲ್ಲ, ಬರೀ ಉಪ್ಪು, ಬೆಂಕಿ. ಮೊದಲ ತುತ್ತು ಸಪ್ಪೆ ಅನ್ಸತ್ತೆ, ಮೂರನೇ ತುತ್ತಿಗೆ ಅರ್ಥ ಆಗತ್ತೆ. ಜೆಜು ದ್ವೀಪದ ಕಪ್ಪು ಹಂದಿ ಅಂತ ಮೆನುವಲ್ಲಿ ಕಂಡ್ರೆ ಅದನ್ನೇ ತಗೊಳ್ಳಿ. ಕುತ್ತಿಗೆ ಭಾಗದ ಮೊಕ್ಸಲ್‌ನಲ್ಲಿ ಕೊಬ್ಬು ಕಮ್ಮಿ, ಕೆನ್ನೆ ಕೆಳಗಿನ ಹಾಂಗ್ಜೊಂಗ್ಸಲ್ ಕರುಂಕುರುಂ ಅನ್ನತ್ತೆ, ನನಗೆ ಅದೇ ಇಷ್ಟ.

ಆದರೂ ಹಾನ್ವು ಬಗ್ಗೆ ಸ್ವಲ್ಪ ಹೇಳಲೇಬೇಕು, ನೀವು ತಿನ್ನದಿದ್ರೂ ಟೇಬಲ್‌ನಲ್ಲಿ ಅದೇ ಮಾತು ನಡೆಯತ್ತೆ, ಇದನ್ನ ಓದೋರಲ್ಲಿ ತಿನ್ನೋರೂ ಇರ್ತಾರೆ, ಮೋಸ ಹೋಗೋ ಜಾಗನೂ ಇದೇ. ಅಲ್ಲಿ ಗ್ರೇಡ್ ಐದು, ಮೇಲಿಂದ 1++, 1+, 1, 2, 3. ಇದು ಮುಖ್ಯವಾಗಿ ಮಾಂಸದೊಳಗೆ ಕೊಬ್ಬು ಎಷ್ಟು ಸಣ್ಣ ಎಳೆಯಾಗಿ ಹರಡಿದೆ ಅನ್ನೋದರ ಲೆಕ್ಕ, ಅದಕ್ಕೆ 1ರಿಂದ 9ರವರೆಗೆ ನಂಬರ್. 2019ರ ಡಿಸೆಂಬರ್‌ಗೆ ಮುಂಚೆ 8, 9 ಬಂದ್ರೆ ಮಾತ್ರ 1++, ಆಮೇಲೆ ರೂಲ್ಸ್ ಸಡಿಲ ಮಾಡಿ 7ನ್ನೂ ಅದರೊಳಗೆ ಸೇರಿಸಿದ್ರು, ಹಾಗಾಗಿ ಬರೀ 1++ ಅಂತ ಬೋರ್ಡ್ ನೋಡಿ ಮರುಳಾಗಬೇಡಿ, ಪಕ್ಕದಲ್ಲಿ 9 ಇದ್ಯಾ 7 ಇದ್ಯಾ ನೋಡ್ಬೇಕು. ಇನ್ನೊಂದು ಇದಕ್ಕಿಂತ ಸೂಕ್ಷ್ಮ. ಹೋಟೆಲ್‌ನವರು ಮಾಂಸ ಯಾವ ದೇಶದ್ದು ಅಂತ ಬರೀಲೇಬೇಕು, ಕಾನೂನು. ಅಲ್ಲಿ ಕುಕ್‌ನೆಸಾನ್ ಅಂದ್ರೆ ಸ್ವದೇಶಿ. ಸ್ವದೇಶಿ ಅಂದ ಮಾತ್ರಕ್ಕೆ ಹಾನ್ವು ಅಲ್ಲ, ಹಾಲಿನ ತಳಿಯ ಗಂಡು ಕರುಗಳನ್ನ ಮಾಂಸಕ್ಕೆ ಸಾಕಿರ್ತಾರೆ, ಅದಕ್ಕೆ ಯುಗು ಅಂತ ಬೇರೆ ಹೆಸರು, ಬೆಲೆ ತುಂಬಾ ಕಮ್ಮಿ, ಅದೂ ಸ್ವದೇಶಿಯೇ. ನಮ್ಮಲ್ಲಿ ನಾಟಿ ಕೋಳಿ ಅಂತ ಹೇಳಿ ಗಿರಿರಾಜ ಕೊಡ್ತಾರಲ್ಲ, ಆ ಜಾತಿ ವ್ಯವಹಾರ. ಹಾನ್ವು ಅಂತ ಅಕ್ಷರದಲ್ಲಿ ಬರ್ದಿರಬೇಕು.

ರೇಟು. ಒಂದು ಲಕ್ಷ ವಾನ್ ಅಂದ್ರೆ ನಮ್ಮ ಆರು ಸಾವಿರದ ಆಚೀಚೆ ಅಂತ ಲೆಕ್ಕ ಇಟ್ಕೊಳ್ಳಿ. ಬೀದಿ ಬದಿಯ ಸಾಧಾರಣ ಸಮ್‌ಗ್ಯೊಪ್ಸಲ್ ಸೋಲ್‌ನಲ್ಲಿ 200 ಗ್ರಾಂಗೆ ಸರಾಸರಿ 20,000 ವಾನ್ ದಾಟಿದ್ದು 2024ರಲ್ಲಿ, ಅದೇ ದೊಡ್ಡ ನ್ಯೂಸ್ ಆಗಿತ್ತು ಅಲ್ಲಿ, ನಮ್ಮಲ್ಲಿ ಕಾಫಿ ರೇಟ್ ಏರಿದಾಗ ಆಗೋ ಹಾಗೆ. ನದಿ ಕಾಣೋ ಹೋಟೆಲ್‌ನಲ್ಲಿ ಹಾನ್ವು ಗಾಲ್ಬಿ ಒಂದು ಪ್ಲೇಟ್ ಲಕ್ಷ ವಾನ್ ಸುತ್ತ ಮುತ್ತ ಅಥವಾ ಮೇಲೆ ಹೋಗೋದು ಸಾಮಾನ್ಯ, ಆ ಪ್ಲೇಟ್‌ನಲ್ಲಿ ಇರೋದು ನೂರೈವತ್ತು ಗ್ರಾಂ ಅಷ್ಟು, ಸಾಮಾನ್ಯವಾಗಿ ಕಮ್ಮಿ ಅಂದ್ರೆ ಎರಡು ಪ್ಲೇಟ್ ಆರ್ಡರ್ ಮಾಡ್ಬೇಕು. ಇಬ್ಬರು ಹೊಟ್ಟೆ ತುಂಬ ತಿಂದು ಒಂದು ಬಾಟಲ್ ಏನಾದ್ರೂ ಕುಡಿದ್ರೆ ಎರಡೂವರೆಯಿಂದ ಮೂರೂವರೆ ಲಕ್ಷ ವಾನ್ ಕೈಬಿಡತ್ತೆ ಅಂದ್ಕೊಳ್ಳಿ. ಒಂದು ಸಮಾಧಾನ, ಮೆನುವಲ್ಲಿ ಇರೋದೇ ಕೊನೇ ಬೆಲೆ, ಟ್ಯಾಕ್ಸ್ ಸರ್ವಿಸ್ ಎಲ್ಲ ಸೇರಿಸೇ ಬರೀಬೇಕು ಅಂತ 2013ರಿಂದ ನಿಯಮ ಇದೆ. ಟಿಪ್ಸ್ ಕೊಡೋ ಪದ್ಧತಿ ಇಲ್ಲ, ಕೊಟ್ರೆ ಓಡಿ ಬಂದು ವಾಪಸ್ ಕೊಡ್ತಾರೆ, ನನಗೇ ಆಗಿದೆ. ಮಧ್ಯಾಹ್ನದ ಸೆಟ್ ಊಟ ರಾತ್ರಿಗಿಂತ ಬಹಳ ಅಗ್ಗ, ಕಿಟಕಿ ಅದೇ ಕಿಟಕಿ. ಈ ಸೆಟ್ ಊಟದ ಹಿಂದೆ ಒಂದು ಕಾನೂನಿನ ಕಥೆನೂ ಇದೆ, 2016ರಲ್ಲಿ ಲಂಚ ತಡೆಯೋಕೆ ಕಿಮ್ ಯೊಂಗ್‌ರಾನ್ ಕಾಯ್ದೆ ಬಂತು, ಅದನ್ನ ಮುಂದಿಟ್ಟ ಆಕೆ ಸುಪ್ರೀಂ ಕೋರ್ಟ್ ಜಡ್ಜ್ ಆಗಿದ್ದವರು. ಸರ್ಕಾರಿ ನೌಕರರು, ಪತ್ರಕರ್ತರು, ಮೇಷ್ಟ್ರುಗಳಿಗೆ ಕೆಲಸದ ಸಂಬಂಧದಲ್ಲಿ 30,000 ವಾನ್‌ಗಿಂತ ಜಾಸ್ತಿ ಊಟ ಹಾಕಿಸೋ ಹಾಗಿಲ್ಲ ಅಂತ, ತಕ್ಷಣ ದೊಡ್ಡ ದೊಡ್ಡ ಹೋಟೆಲ್‌ಗಳು 29,000ದ ಸೆಟ್ ಮಾಡಿ ಅದಕ್ಕೆ ಆಕೆ ಹೆಸರೇ ಕಟ್ಟಿದ್ರು. 2024ರಲ್ಲಿ ಆ ಮಿತಿ 50,000ಕ್ಕೆ ಏರಿದೆ. ನಿಮಗೆ ಇದು ಅನ್ವಯ ಆಗಲ್ಲ, ಡೈರೆಕ್ಟರ್ ಧಾರಾಳವಾಗಿ ಕೊಡಿಸ್ಲಿ.

ನಡವಳಿಕೆ ಬಗ್ಗೆ ಯೂಟ್ಯೂಬ್‌ನಲ್ಲಿ ಹೆದರಿಸೋರು ಜಾಸ್ತಿ, ಅಷ್ಟೇನಿಲ್ಲ. ಹಿರಿಯರು ಚಮಚ ಎತ್ತೋವರೆಗೂ ತಡೀರಿ, ನಮ್ಮ ಪಂಕ್ತೀಲೂ ಹಾಗೇ ಅಲ್ವಾ. ಬಾಗಿಲಿಂದ ದೂರದ ಒಳಗಿನ ಸೀಟು ದೊಡ್ಡವರದ್ದು, ಕಿಟಕಿ ಇದ್ರೆ ನೋಟ ಕಾಣೋ ಹಾಗೆ ಅತಿಥಿನ ಕೂರಿಸ್ತಾರೆ, ಅವರು ತೋರಿಸಿದ ಕಡೆ ಕೂರಿ, ನೀವಾಗಿ ಹೋಗಿ ಕಿಟಕಿ ಹಿಡೀಬೇಡಿ. ಗ್ಲಾಸ್ ತುಂಬಿಸಿಕೊಳ್ಳೋವಾಗ ಎರಡೂ ಕೈ, ನೀವು ಸುರಿಯೋವಾಗ್ಲೂ ಎರಡು ಕೈ, ನಿಮ್ಮ ಗ್ಲಾಸ್‌ಗೆ ನೀವೇ ಹಾಕ್ಕೊಳ್ಳೋ ಹಾಗಿಲ್ಲ, ಪಕ್ಕದವರದ್ದು ಪೂರ್ತಿ ಖಾಲಿ ಆಗೋ ಮುಂಚೆ ಮೇಲಿಂದ ತುಂಬಿಸೋ ಹಾಗೂ ಇಲ್ಲ, ದೊಡ್ಡವರೆದುರು ಕುಡಿಯೋವಾಗ ಮುಖ ಸ್ವಲ್ಪ ಪಕ್ಕಕ್ಕೆ. ಸೋಜು (ಅಲ್ಲಿನ ಮಾಮೂಲಿ ಮದ್ಯ) ಈಗ ಶೇಕಡಾ 16ರ ಆಸುಪಾಸು ಅಷ್ಟೇ, ಆದ್ರೆ ಬಿಯರ್‌ಗೆ ಬೆರೆಸಿ ಸೋಮೆಕ್ ಮಾಡ್ತಾರೆ ನೋಡಿ, ಅದು ಏರೋದು ಗೊತ್ತಾಗಲ್ಲ. ಕಂಪನಿ ಊಟಕ್ಕೆ ಹ್ವೆಶಿಕ್ ಅಂತಾರೆ, ಅದು ಒಂದೇ ಕಡೆ ಮುಗಿಯಲ್ಲ, ಬಾರ್ಬೆಕ್ಯೂ ಮೊದಲ ರೌಂಡ್, ಎರಡನೇದು ಬಿಯರ್, ಮೂರನೇದು ಹಾಡೋ ರೂಮ್ ಆಗಬಹುದು. ಕುಡಿಯಲ್ಲ ಅಂದ್ರೆ ಚಿಲ್ಸಂಗ್ ಸೈಡರ್ ಅಂತ ಕೇಳಿ, ಹೆಸರು ಸೈಡರ್ ಆದ್ರೂ ಅದು ನಮ್ಮ ನಿಂಬೆ ಸೋಡಾ ಜಾತಿ, ಒಂದು ತೊಟ್ಟೂ ಆಲ್ಕೋಹಾಲ್ ಇಲ್ಲ.

ಇಕ್ಕಳ ಮಾತ್ರ ಮುಟ್ಟಬೇಡಿ. ಸಾಧಾರಣ ಅಂಗಡೀಲಿ ಟೇಬಲ್‌ನಲ್ಲಿ ಚಿಕ್ಕವರೇ ಸುಡೋದು, ಅಲ್ಲಿ ನೀವು ಕೈ ಹಾಕಿದ್ರೆ ವಿನಯ. ಪಾಶ್ ಜಾಗದಲ್ಲಿ ಅದಕ್ಕೇ ಆಳು ಇರ್ತಾರೆ, ಅವರ ಸಂಬಳ ನಿಮ್ಮ ಬಿಲ್ಲಲ್ಲಿದೆ. ನಾಲ್ಕು ವರ್ಷ ಆ ಕೆಲಸ ಮಾಡಿದ ನನಗೆ ಅತಿ ಹಿಂಸೆ ಕೊಟ್ಟವರು ಅಂದ್ರೆ ನಾನು ಬೆನ್ನು ತಿರುಗಿಸಿದ ತಕ್ಷಣ ಮಾಂಸ ಮಗುಚೋ ಗಿರಾಕಿಗಳು. ದಪ್ಪ ಪೀಸ್‌ನ ಕೆಳಗೆ ಬಣ್ಣ ಕಟ್ಟೋವರೆಗೂ ಬಿಡಬೇಕು, ಮೇಲ್ಭಾಗದಲ್ಲಿ ರಸ ಮುತ್ತುಮುತ್ತಾಗಿ ಒಸರತ್ತೆ, ಆಗ ಒಂದು ಸಲ ತಿರುಗಿಸಿ, ಕತ್ತರೀಲಿ ಕತ್ತರಿಸಿ, ಬದಿಗಳನ್ನ ಕಾವಿಗೆ ತೋರಿಸಿ ಎತ್ತೋದು. ದೋಸೆ ಹೆಂಚಿನ ಮೇಲೆ ಬಿಟ್ಟ ತಕ್ಷಣ ಎಬ್ಬಿಸೋಕೆ ಹೋದ್ರೆ ಏನಾಗತ್ತೆ ಗೊತ್ತಲ್ಲ. ಆರ್ಡರ್‌ಗೂ ಒಂದು ಕ್ರಮ ಇದೆ, ಮಸಾಲೆ ಹಚ್ಚದ ಮಾಂಸ ಮೊದಲು, ಸೋಯಾ ಸಾಸ್, ಸಕ್ಕರೆ, ಬೆಳ್ಳುಳ್ಳಿ, ಪೇರ್ ಹಣ್ಣಿನ ರಸದಲ್ಲಿ ನೆನೆಸಿದ್ದು ಆಮೇಲೆ, ಯಾಕಂದ್ರೆ ಸಕ್ಕರೆ ಸೀದು ಜಾಲರಿ ಹಾಳಾಗತ್ತೆ, ನಾಲಿಗೇನೂ ಸಿಹಿಗೆ ಒಗ್ಗಿಹೋಗತ್ತೆ. ಗಾಲ್ಬಿಗೆ ಹೆಸರುವಾಸಿ ಊರು ಸುವೊನ್, ಹಿಂದೆ ದೊಡ್ಡ ದನದ ಸಂತೆ ನಡೀತಿದ್ದ ಊರು, ಬೆಂಗಳೂರಿಂದ ಸ್ಯಾಮ್‌ಸಂಗ್ ಕೆಲಸದ ಮೇಲೆ ಹೋಗಿರೋರಿಗೆ ಚೆನ್ನಾಗೇ ಗೊತ್ತಿರತ್ತೆ, ಅವರ ಹೆಡ್ ಆಫೀಸ್ ಅಲ್ಲೇ. ಅಲ್ಲಿ ಸೋಯಾಗಿಂತ ಉಪ್ಪಿನದೇ ರುಚಿ, ಮೂಳೆ ಅಂಗೈಗಿಂತ ಉದ್ದ.

ತಿನ್ನೋ ರೀತಿ ನಮಗೆ ಸುಲಭ. ಅಂಗೈ ಮೇಲೆ ಲೆಟ್ಯೂಸ್ ಎಲೆ, ಅದರ ಮೇಲೆ ಪೆರಿಲ್ಲಾ ಎಲೆ (ಪುದೀನದ ಬಳಗ, ವಾಸನೆ ಮೊದಲ ಸಲ ವಿಚಿತ್ರ ಅನ್ಸತ್ತೆ), ಒಂದು ತುಂಡು ಮಾಂಸ, ಒಂಚೂರು ಸಮ್ಜಾಂಗ್ ಪೇಸ್ಟ್ (ಹುದುಗಿಸಿದ ಸೋಯಾ, ಮೆಣಸಿನದ್ದು), ಬೆಳ್ಳುಳ್ಳಿ ಬೇಕಾದ್ರೆ, ಮಡಚಿ ವೀಳ್ಯ ಹಾಕ್ಕೊಂಡ ಹಾಗೆ ಒಂದೇ ಸಲ ಬಾಯಿಗೆ. ಅರ್ಧ ಕಚ್ಚಿ ಕೈಯಲ್ಲಿ ಹಿಡ್ಕೋಬಾರದು. ಆದ್ರೆ ಒಳ್ಳೇ ಮಾಂಸದ ಮೊದಲ ತುಂಡನ್ನ ಬರೀ ಉಪ್ಪಲ್ಲಿ ಅದ್ದಿ ತಿನ್ನಿ, ಅಷ್ಟು ದುಡ್ಡಿನ ಮಾಂಸಕ್ಕೆ ಪೇಸ್ಟ್ ಮೆತ್ತಿದ್ರೆ ಸುಟ್ಟು ಕೊಟ್ಟವರಿಗೆ ಹೊಟ್ಟೆ ಉರಿಯತ್ತೆ. ಸುತ್ತ ಇಡೋ ಪುಟ್ಟ ಬಟ್ಟಲುಗಳು, ಪಾಂಚಾನ್, ಎಲೆ ತುದೀಲಿ ಬಡಿಸೋ ಕೋಸಂಬರಿ ಪಲ್ಯ ಅಂದ್ಕೊಳ್ಳಿ, ಖಾಲಿಯಾದ್ರೆ ಮತ್ತೆ ಕೇಳಬಹುದು, ದುಡ್ಡಿಲ್ಲ.

ಈಗ ನಿಮ್ಮ ಮನೆಯವರ ವಿಷಯ, ಇಲ್ಲಿ ನಾನು ಸ್ವಲ್ಪ ನಿಷ್ಠುರ. ವೆಜ್ ತಿನ್ನೋರನ್ನ ಆ ರೇಟಿನ ಬಾರ್ಬೆಕ್ಯೂಗೆ ರಾತ್ರಿ ಊಟಕ್ಕೆ ಕರ್ಕೊಂಡು ಹೋಗ್ಬೇಡಿ. ಕಿಮ್ಚಿಗೆ ಮೀನಿನ ಸಾಸ್ ಅಥವಾ ಉಪ್ಪು ಸಿಗಡಿ ಹಾಕಿರ್ತಾರೆ, ಆವಿಯಲ್ಲಿ ಬೇಯಿಸಿದ ಮೊಟ್ಟೆಗೂ ಒಮ್ಮೊಮ್ಮೆ ಅದೇ ಸಿಗಡಿ, ಸಾರಿಗೆ ಒಣಮೀನು. ಉಳಿಯೋದು ಅಣಬೆ, ಈರುಳ್ಳಿ, ಗೆಣಸು ಸುಟ್ಟಿದ್ದು, ಸೊಪ್ಪಿನ ಪಲ್ಯ ಒಂದೆರಡು (ಅದೂ ಕೇಳಿ ತಿನ್ಬೇಕು), ಒಂದು ಬಟ್ಲು ಅನ್ನ, ಅದನ್ನ ಪಕ್ಕದಲ್ಲಿ ಕೊಬ್ಬು ಸಿಡಿಯೋ ಗ್ರಿಲ್ ನೋಡ್ಕೊಂಡು ಹದಿನೈದು ಇಪ್ಪತ್ತು ಸಾವಿರ ರೂಪಾಯಿ ಬಿಲ್‌ನಲ್ಲಿ ತಿನ್ನೋದು ಅಂದ್ರೆ ಸೀರಿಯಲ್ ಬೇರೆ ಥರದ್ದಾಗತ್ತೆ.

ನಾನಾಗಿದ್ರೆ ಊಟ ಬೇರೆ, ನೋಟ ಬೇರೆ ಮಾಡ್ತಿದ್ದೆ. ಮಧ್ಯಾಹ್ನ ಜೋಗ್ಯೇಸಾ ದೇವಸ್ಥಾನದ ಎದುರಿಗಿರೋ ಬಾಲು ಗೊಂಗ್ಯಾಂಗ್, ಬೌದ್ಧ ಮಠದ ಅಡುಗೆ ಹೋಟೆಲ್, ಜೋಗ್ಯೇ ಪಂಥದವರೇ ನಡೆಸೋದು, ಒಂದಾದ ಮೇಲೆ ಒಂದು ಪುಟ್ಟ ಪುಟ್ಟ ತಟ್ಟೆ ಬರ್ತಾ ಹೋಗತ್ತೆ. ಮಾಂಸ ಮೀನು ಇಲ್ಲ, ಈರುಳ್ಳಿ ಬೆಳ್ಳುಳ್ಳೀನೂ ಇಲ್ಲ, ನಮ್ಮ ಮಠದ ಊಟ ಮಾಡಿದವರಿಗೆ ಹೊಸದೇನಲ್ಲ. ಒಂದು ಮಜಾ ಗೊತ್ತಾ, ಅವರು ದೂರ ಇಡೋ ಐದು ಘಾಟು ಪದಾರ್ಥದ ಪಟ್ಟೀಲಿ ಐದನೇದು ಇಂಗು! ಆ ದೇಶದಲ್ಲಿ ಇಂಗು ಬೆಳೆಯೋದೇ ಇಲ್ಲ, ಶಾಸ್ತ್ರದ ಜೊತೆ ಹೆಸರು ಹೋಗಿ ಕೂತಿದೆ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟು ಆ ಜಾಗಕ್ಕೆ ಇಂಗು ಹಾಕೋ ನಮ್ಮೋರು ಅಲ್ಲಿಗೆ ಹೋದ್ರೆ ಸಾರಿಗೆ ಒಗ್ಗರಣೆ ಹೇಗೆ ಹಾಕ್ತಾರೋ.

ಸಂಜೆಗೆ ನೋಟ. ಅಕ್ಟೋಬರ್ ಮಧ್ಯದಲ್ಲಿ ಸೋಲ್‌ನಲ್ಲಿ ಆರು ಗಂಟೆ ಒಳಗೇ ಸೂರ್ಯ ಮುಳುಗ್ತಾನೆ, ಐದೂಕಾಲಿಗೆಲ್ಲ ಮೇಲೆ ಇರ್ಬೇಕು, ಹಗಲು ಬೆಳಕು, ಕೆಂಪು, ಆಮೇಲೆ ದೀಪ ಮೂರನ್ನೂ ಒಂದೇ ಟಿಕೆಟ್‌ನಲ್ಲಿ ನೋಡಬಹುದು. ಲೊಟ್ಟೆ ವರ್ಲ್ಡ್ ಟವರ್ 555 ಮೀಟರ್, 123 ಮಹಡಿ, ಮೇಲಿನ ಏಳು ಮಹಡಿ ನೋಡೋದಕ್ಕೇ ಮೀಸಲು. ಅಷ್ಟು ಎತ್ತರದಿಂದ ಊರು ಮ್ಯಾಪ್ ಥರ ಕಾಣತ್ತೆ, ನನಗೆ ನಮ್ಸಾನ್ ಗುಡ್ಡದ ಎತ್ತರವೇ ಸರಿ, ಮನೆ, ರಸ್ತೆ, ಜನ ಕಾಣ್ತಾರೆ, ಕೇಬಲ್ ಕಾರಲ್ಲಿ ಹೋಗಬಹುದು. ರಾತ್ರಿ ಬಾನ್ಪೋ ಸೇತುವೆ ಪಕ್ಕದಿಂದ ನೀರಿನ ಕಾರಂಜಿ ಬಿಡ್ತಾರೆ, ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ, ನದಿ ದಂಡೇಲಿ ಕೂತು ನೋಡೋಕೆ ಕಾಸಿಲ್ಲ.

ನಿಮ್ಮ ಮನೆಯವರಿಗೆ ಟೇಬಲ್, ಕಿಟಕಿ, ನೀವು ಇಷ್ಟೇ ಬೇಕು ಅಂದ್ರೆ ಮಧ್ಯಾಹ್ನದ ಸೆಟ್‌ಗೆ ಬುಕ್ ಮಾಡಿ, ಫೋನಲ್ಲೇ ಮಾಂಸ ಇಲ್ಲದ ಬಿಬಿಂಬಾಪ್ (ಅನ್ನದ ಮೇಲೆ ತರಕಾರಿ, ಮೊಟ್ಟೆ, ಮೆಣಸಿನ ಪೇಸ್ಟ್ ಹಾಕಿ ಕಲಸೋದು) ಮಾಡಿಕೊಡ್ತೀರಾ ಅಂತ ಕೇಳಿಟ್ಕೊಳ್ಳಿ, ಮೊಟ್ಟೆ ಓಕೆ ಇರೋದ್ರಿಂದ ಅದು ಸಾಕಷ್ಟು ಚೆನ್ನಾಗಿರತ್ತೆ, ಮೆಣಸಿನ ಪೇಸ್ಟ್ ಮಾತ್ರ ಬೀಫ್ ಇಲ್ಲದ್ದು ಅಂತ ಒತ್ತಿ ಹೇಳಿ. ಚಾಂಗ್‌ಕಾ ಜಾರಿ ಅಂದ್ರೆ ಕಿಟಕಿ ಪಕ್ಕದ ಸೀಟು, ಬುಕಿಂಗ್‌ನಲ್ಲಿ ಈ ಪದ ಇಲ್ಲದಿದ್ರೆ ಅಡುಗೆಮನೆ ಬಾಗಿಲ ಹತ್ರ ಕೂರಿಸಿದ್ರೂ ಕೇಳೋ ಹಾಗಿಲ್ಲ. ರಾತ್ರಿ ಹೋದ್ರೆ ಇನ್ನೊಂದು ಪಜೀತಿ, ಒಳಗೆ ಲೈಟ್ ಜಾಸ್ತಿ ಇದ್ರೆ ಗಾಜಲ್ಲಿ ಊರು ಕಾಣಲ್ಲ, ನಿಮ್ಮ ಮುಖವೇ ಕಾಣೋದು. ಬುಕ್ ಮಾಡೋಕೆ ಕ್ಯಾಚ್‌ಟೇಬಲ್ ಆಪ್ ಇದೆ, ದಾರಿಗೆ ನೇವರ್ ಮ್ಯಾಪ್ ಹಾಕ್ಕೊಳ್ಳಿ, ಗೂಗಲ್ ಮ್ಯಾಪ್ ನಂಬಿ ನಡೆಯೋಕೆ ಹೋಗ್ಬೇಡಿ. ಚುಸೊಕ್ ಹಬ್ಬ ಸೆಪ್ಟೆಂಬರ್‌ನಲ್ಲೋ ಅಕ್ಟೋಬರ್ ಮೊದಲಿಗೋ ಬರತ್ತೆ, ಆ ಮೂರು ದಿನ ತುಂಬಾ ಅಂಗಡಿ ಬಂದ್, ಡೇಟ್ ನೋಡ್ಕೊಳ್ಳಿ. ಅಕ್ಟೋಬರ್ ಆರಿಸಿದ್ದು ಒಳ್ಳೇದಾಯ್ತು, ಆಕಾಶ ತೊಳೆದಿಟ್ಟ ಹಾಗಿರತ್ತೆ. ನಾನು ಒಂದು ಸಲ ಮದುವೆ ವಾರ್ಷಿಕೋತ್ಸವ ಅಂತ ಮಾರ್ಚ್‌ನಲ್ಲಿ ತಿಂಗಳ ಮುಂಚೆ ಕಿಟಕಿ ಸೀಟ್ ಹಿಡಿದಿದ್ದೆ, ಆ ದಿನವೇ ಗೋಬಿ ಮರುಭೂಮಿ ಕಡೆಯಿಂದ ಹಳದಿ ಧೂಳು ಬಂದು ಕೂತಿತ್ತು, ನದಿ ಎಲ್ಲಿ ಅಂತ ಹುಡುಕಿದ್ದೇ ಆಯ್ತು.

ಬಟ್ಟೆ. ಸೂಟು ಬೂಟು ಬೇಡ, ನೀಟಾದ ಶರ್ಟ್ ಪ್ಯಾಂಟ್ ಸಾಕು, ಉಣ್ಣೆ ಬೇಡ, ಹೊಗೆ ಎಳೆಯೋ ಮೆಷಿನ್ ಎಷ್ಟೇ ಒಳ್ಳೇದಿದ್ರೂ ಉಣ್ಣೆಗೆ ವಾಸನೆ ಹತ್ತಿದ್ರೆ ಮೂರು ದಿನ ಬಿಡಲ್ಲ. ಕೋಟು ಹಾಕೋಕೆ ದೊಡ್ಡ ಪ್ಲಾಸ್ಟಿಕ್ ಕವರ್ ಕೊಡ್ತಾರೆ ಅಥವಾ ಕೂರೋ ಸ್ಟೂಲ್‌ದೇ ಮುಚ್ಚಳ ತೆಗೆದು ಒಳಗಿಡಬಹುದು, ಹೋಗೋವಾಗ ಬಾಗಿಲ ಹತ್ರ ಸುಗಂಧದ ಸ್ಪ್ರೇ ಇಟ್ಟಿರ್ತಾರೆ, ನಾಚ್ಕೋಬೇಡಿ, ಎಲ್ಲರೂ ಹೊಡ್ಕೊಳ್ತಾರೆ. ದೊಡ್ಡ ಹೋಟೆಲ್‌ನ ಪ್ರೈವೇಟ್ ರೂಮ್ ಆದ್ರೆ ಶೂ ಬಿಚ್ಚಿ ಒಳಗೆ ಹೋಗ್ಬೇಕಾಗಬಹುದು, ಹಾಗಾಗಿ ಆವತ್ತು ಹೊಸ ಸಾಕ್ಸ್ ಹಾಕ್ಕೊಳ್ಳಿ, ನಾನು ಮೊದಲ ಸಲ ಹೋದಾಗ ನನ್ನ ಎಡಗಾಲಿನ ಹೆಬ್ಬೆರಳು ಆಚೆ ಇಣುಕಿ ಇಡೀ ಟೇಬಲ್‌ಗೆ ನಮಸ್ಕಾರ ಹೇಳ್ತಿತ್ತು.